ಬೀಜದ ಹೋರಿಯ ಅಪಕೀರ್ತಿ

ಹಾಸನದಿಂದ ಪಶ್ಚಿಮಾಭಿಮುಖವಾಗಿ ಹೊರಟ ಪ್ರಯಾಣಿಕನು ಆಲೂರನ್ನು ಹಾದು, ಹೇಮಾವತಿಯ ದಡದ ಸಕಲೇಶಪುರವನ್ನು ಮುಟ್ಟುವಷ್ಟರಲ್ಲಿ ಮಣ್ಣಿನ ಬಣ್ಣ, ಮನೆಯ ಮಾಡು, ಮರದ ನೆರಳು ಎಲ್ಲವೂ ಬೇರೆಯಾಗುವುದನ್ನು ಗಮನಿಸದೆ ಇರಲಾರನು. ಆದರೆ ದನವನ್ನು ನೋಡಬಲ್ಲ ಕಣ್ಣು ಅವನಿಗಿದ್ದುದಾದರೆ, ಇವೆಲ್ಲಕ್ಕಿಂತ ಮೊದಲು ಅವನ ಲಕ್ಷ್ಯವನ್ನು ಸೆಳೆಯತಕ್ಕದ್ದು ಕೊಟ್ಟಿಗೆಯ ವ್ಯತ್ಯಾಸವೇ. ಮೂಡಣ ಬಯಲಿನಲ್ಲಿ, ಹಿಂದಕ್ಕೆ ಬಾಗಿ ಮೇಲಕ್ಕೆದ್ದ ನೀಳ ಕೊಂಬಿನ, ಬೂದು ಬಣ್ಣದ, ಬಿಗಿ ಮೈಯ ಹಳ್ಳಿಕಾರ್ ಎತ್ತು. ಪಡುವಣ ಗುಡ್ಡಗಳಲ್ಲಿ, ಆಳಿನ ಸೊಂಟದೆತ್ತರಕ್ಕೆ ಬಂದರೆ ಹೆಚ್ಚೆನ್ನಬೇಕಾದ, ಜಡಿಮಳೆಯಲ್ಲಿ ದಿನವಿಡೀ ಮೇಯ್ದರೂ ಸೊರಗದ ಮಲೆನಾಡು ಗಿಡ್ಡ. ಒಂದು ಜಾತ್ರೆಯಲ್ಲಿ ಕೊಂಡು ತರುವ ದನ, ಇನ್ನೊಂದು ಮನೆಯಲ್ಲಿಯೇ ಹುಟ್ಟಿ ಮನೆಯಲ್ಲಿಯೇ ಸಾಯುವ ದನ. ಈ ಎರಡು ಸೀಮೆಗಳು ಒಂದನ್ನೊಂದು ಸಂಧಿಸುವ ಗುಡ್ಡಗಾಡಿನ ಒಕ್ಕಲು ಮಕ್ಕಳು, ತಮ್ಮ ಹಸುವಿಗೆ ಕೊಡಿಸತಕ್ಕ ಹೋರಿಯ ಗುಣಾವಗುಣಗಳನ್ನು, ಅದರಲ್ಲಿಯೂ ಅದು ಸಂತತಿಗೆ ದಾಟಿಸುವ ಊನಗಳನ್ನು, ಹಿಂದೆ ಯಾವ ಪ್ರಮಾಣಗಳಿಂದ ನಿರ್ಣಯಿಸುತ್ತಿದ್ದರು, ಆ ನಿರ್ಣಯಗಳಲ್ಲಿ ನಿಂತದ್ದೆಷ್ಟು, ಬಿದ್ದದ್ದೆಷ್ಟು ಎಂಬುದೇ ಇಲ್ಲಿಯ ಪ್ರಸ್ತಾಪ.

‘ಅದರ ಬೀಜ ಸರಿಯಿಲ್ಲ’ ಎಂಬ ಮಾತು ಒಂದು ಹೋರಿಯ ಮೇಲೆ ಒಮ್ಮೆ ಬಿದ್ದಿತೆಂದರೆ ಅದನ್ನು ತೊಡೆಯುವುದು ಸುಲಭವಾಗಿರಲಿಲ್ಲ. ಮನುಷ್ಯನ ಅಪವಾದವಾದರೂ ಊರು ಬಿಟ್ಟು ಹೋದರೆ ಮಾಸೀತು. ಹೋರಿಯ ಅಪವಾದವು ಅದು ಹುಟ್ಟಿಸಿದ ಕರುಗಳ ಕಾಲಿನಲ್ಲಿ ಎದ್ದು ಊರೂರು ನಡೆಯುತ್ತಿತ್ತು. ಹೊಕ್ಕುಳ ಬಾವಿನ ಕರು, ಮೇಲ್ದವಡೆಗೆ ಕೆಳದವಡೆ ಕೂಡದೆ ಮೊಲೆ ಹಿಡಿಯಲಾರದ ಕರು, ಒಂಟಿ ಬೀಜದ ಹೋರಿಗರು, ಹಿಂಗಾಲಿನ ಮಂಡಿಗಳು ಒಂದಕ್ಕೊಂದು ಉಜ್ಜಿ ನೇಗಿಲಿಗೆ ಬಾರದ ಎತ್ತು, ಎರಡು ಸಲ ಈದು ಮೂರನೆಯದಕ್ಕೆ ಗೊಡ್ಡು ಬಿದ್ದ ಹಸು: ಇವುಗಳಲ್ಲಿ ಯಾವುದು ಕಾಣಿಸಿದರೂ ಮನೆಯವರು ಮೊದಲು ಕೇಳುತ್ತಿದ್ದುದು ಹೋರಿ ಯಾವುದೆಂಬುದನ್ನೇ. ತಾಯಿಯು ಕಣ್ಣೆದುರಿಗಿರುವಳು, ಅವಳ ಮೇಲೆ ದೋಷ ಹೊರಿಸಿದರೆ ಕಟ್ಟಿ ಸಾಕಿದ ತಮ್ಮ ಮೇಲೆಯೇ ಹೊರಿಸಿಕೊಂಡಂತೆ. ಹೋರಿಯಾದರೋ ನೆರೆಯವನದು ಇಲ್ಲವೆ ದೇವರದು.

ಶಾಸ್ತ್ರಗ್ರಂಥಗಳು ಈ ವಿಷಯದಲ್ಲಿ ಹೇಳುವುದನ್ನು ನೋಡಿದರೆ, ಲಕ್ಷಣದ ದಾರಿ ಹಾಗೂ ವಂಶದ ದಾರಿ ಎಂದು ಎರಡು ಕವಲುಗಳು ಕಾಣುತ್ತವೆ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಗೋಲಕ್ಷಣಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ನೀರು ಸುರಿಯುವ, ಕಲುಷವಾದ, ಇಲಿಯ ಕಣ್ಣನ್ನು ಹೋಲುವ ಕಣ್ಣುಗಳುಳ್ಳ ದನವನ್ನು ಅಶುಭವೆಂದು ತಳ್ಳಿಹಾಕುತ್ತಾನೆ. ಅದಕ್ಕೂ ಮಿಗಿಲಾಗಿ ನನ್ನ ಮನಸ್ಸನ್ನು ಸೆಳೆದದ್ದು ವಿಷ್ಣುಸ್ಮೃತಿಯ ವೃಷೋತ್ಸರ್ಗ ಪ್ರಕರಣ. ಪಿತೃಗಳ ಸದ್ಗತಿಗಾಗಿ ಬಿಡತಕ್ಕ ಗೂಳಿಯು ಅಂಗಹೀನವಾಗಿರದೆ ಶುಭಲಕ್ಷಣಗಳಿಂದ ಕೂಡಿರಬೇಕೆಂಬುದಂತೂ ಸರಿಯೆ; ಆದರೆ ಅದರ ತಾಯಿಯು ಹಾಲುಳ್ಳವಳಾಗಿರಬೇಕು, ಆ ತಾಯಿಯ ಕರುಗಳು ಬದುಕಿ ಉಳಿದಿರಬೇಕು ಎಂದು ಸ್ಮೃತಿಕಾರನು ವಿಧಿಸುವಾಗ, ಪುಣ್ಯದ ಮಾತಿನೊಳಗೆ ಗೋಪಾಲನ ಅನುಭವವು ಹೇಗೆ ಅಡಗಿ ಕುಳಿತಿದೆಯೆಂಬುದನ್ನು ಕಂಡು ಸಂತೋಷವಾಗುತ್ತದೆ. ಸಾಯುವ ಕರುಗಳ ತಾಯಿಯ ಮಗನನ್ನು ಊರಿನ ಹಸುಗಳ ನಡುವೆ ಬಿಡಬಾರದೆಂಬ ಈ ನಿಯಮವನ್ನು ಇಂದಿನ ತಳಿಶಾಸ್ತ್ರಜ್ಞನೂ ಆಕ್ಷೇಪಿಸಲಾರನು. ಕನ್ನಡದಲ್ಲಿಯಾದರೂ ಈ ವಿದ್ಯೆಗೆ ಕೊರತೆಯಿರಲಿಲ್ಲ. ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು 12ನೆಯ ಶತಮಾನದ ಆರಂಭದ ವೇಳೆಗೆ ‘ಗೋವೈದ್ಯ’ವನ್ನು ರಚಿಸಿದನೆಂದ ಮೇಲೆ, ದನದ ರೋಗವು ಅರಸುಮಕ್ಕಳ ಲೇಖನಿಗೆ ಅಯೋಗ್ಯವಾದ ವಸ್ತುವೆಂದು ನಮ್ಮವರು ಎಣಿಸಿರಲಿಲ್ಲವಷ್ಟೆ.

ಶಾಸ್ತ್ರದ ಈ ಗೂಳಿಯೇ ಹಳ್ಳಿಗಳಲ್ಲಿ ದೇವರ ಬಸವನಾಯಿತು. ತೊಡೆಯ ಮೇಲೆ ಮುದ್ರೆಯೊತ್ತಿಸಿಕೊಂಡು, ಯಾರ ಹೊಲಕ್ಕೆ ನುಗ್ಗಿದರೂ ಕೋಲಿನೇಟು ತಿನ್ನದೆ, ಕಂಡವರ ಮನೆಯ ಬಾಗಿಲಲ್ಲಿ ಬೆಲ್ಲ ಅಕ್ಕಿ ತಿಂದು ಬೆಳೆಯುವ ಈ ಪ್ರಾಣಿಯು, ಹರಕೆಯ ಭಕ್ತಿ ಗಟ್ಟಿಯಾಗಿದ್ದಷ್ಟು ಕಾಲ ಊರಿನ ಅತ್ಯುತ್ತಮ ಕರುವೇ ಆಗಿರುತ್ತಿತ್ತು. ಭಕ್ತಿ ಸಡಿಲವಾದ ಮೇಲೆ, ಉಳುವುದಕ್ಕೂ ಬಾರದ, ಮಾರಿದರೆ ಬೆಲೆಯೂ ಹುಟ್ಟದ ಕರುವನ್ನು ದೇವರಿಗೆ ಬಿಟ್ಟು ಕೈತೊಳೆದುಕೊಳ್ಳುವ ಜಾಣತನವೂ ಸೇರಿಕೊಂಡಿತು. ದೇವರ ಬಸವನ ಬೀಜವನ್ನು ಒಡೆಸುವಂತಿಲ್ಲ, ಅದರ ಮೇಲೆ ದೂರು ಹೇಳುವಂತಿಲ್ಲ, ಹಸು ಬೆದೆಗೆ ಬಂದಾಗ ಅದನ್ನು ತಡೆಯುವಂತೆಯೂ ಇಲ್ಲ. ಹೀಗಾಗಿ ಹೋರಿಗಳಲ್ಲೆಲ್ಲ ಕೆಟ್ಟ ಹೆಸರು ಅಂಟಲಾರದ ಹೋರಿ ಇದೊಂದೇ ಆಗಿತ್ತು. ಸಂತತಿ ಕೆಡಲು ಬೇಕಾದ ಅನುಕೂಲಗಳನ್ನು ಇದಕ್ಕಿಂತ ಪೂರ್ಣವಾಗಿ ಒದಗಿಸುವುದು ಕಷ್ಟ.

ಇನ್ನು ಜಾತ್ರೆಯ ಪರೀಕ್ಷೆ. ಅರಕಲಗೂಡು ಸೀಮೆಯ ರಾಮನಾಥಪುರದಲ್ಲಿ ಸುಬ್ರಹ್ಮಣ್ಯ ಷಷ್ಠಿಯ ಸುತ್ತಮುತ್ತ ನೆರೆಯುವ ದನಗಳ ಜಾತ್ರೆಗೂ, ಚನ್ನರಾಯಪಟ್ಟಣದ ಕಡೆಯ ಬೂಕನಬೆಟ್ಟದ ಜಾತ್ರೆಗೂ ಆಲೂರಿನ ಒಕ್ಕಲಿಗರು ಹೋಗಿ ಜೊತೆ ಎತ್ತುಗಳನ್ನು ತರುತ್ತಿದ್ದರು. ಅಲ್ಲಿ ಕಟ್ಟಿದ ಬೀಜದ ಹೋರಿಗಳ ಮುಂದೆ ನಿಂತು ನೋಡುವುದೂ ಜಾತ್ರೆಯ ಒಂದು ಸುಖವೇ ಆಗಿತ್ತು. ಬಲ್ಲವನು ಮುಂದೆ ನಿಲ್ಲುವುದಿಲ್ಲ. ಮುಂದೆ ನಿಂತವನಿಗೆ ಕೊಂಬಿಗೆ ಹಚ್ಚಿದ ಎಣ್ಣೆ, ಕೊಂಬಿನ ತುದಿಯ ಹಿತ್ತಾಳೆಯ ಕಳಸ, ಕೊರಳ ಗೆಜ್ಜೆಸರ ಕಾಣಿಸುವುವೇ ಹೊರತು ಹೋರಿ ಕಾಣಿಸುವುದಿಲ್ಲ. ಅವನು ನೇರವಾಗಿ ಹಿಂದೆ ಹೋಗಿ, ನಾಲ್ಕು ಮಾರು ದೂರದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಹಿಂಗಾಲುಗಳ ನಡುವಣ ಅಂತರವನ್ನು ಅಳೆಯುತ್ತಾನೆ. ಬೀಜಗಳೆರಡೂ ಸಮನಾಗಿ ಇಳಿದಿವೆಯೋ ಎಂದು ನೋಡುತ್ತಾನೆ. ಬಳಿಕ ಎದ್ದು ಪಕ್ಕಕ್ಕೆ ಬಂದು, ಬೆನ್ನು ಚಪ್ಪರಿಸುವ ನೆಪದಲ್ಲಿ ಕೈಯನ್ನು ಹೊಟ್ಟೆಯ ಕೆಳಕ್ಕೆ ಇಳಿಸಿ, ಹೊಕ್ಕುಳಿನ ಜಾಗವನ್ನು ಬೆರಳ ತುದಿಯಿಂದ ಮೇಲಕ್ಕೊತ್ತುತ್ತಾನೆ. ಅಲ್ಲಿ ಬೆರಳು ಮೆತ್ತಗೆ ಒಳಗಿಳಿದರೆ ಪರೀಕ್ಷೆ ಅಲ್ಲಿಗೇ ಸಮಾಪ್ತಿ. ಇಳಿಯದಿದ್ದರೆ ತುಟಿಯನ್ನೆತ್ತಿ ಹಲ್ಲು. ಹಲ್ಲಿನಿಂದ ವಯಸ್ಸು ಮಾತ್ರವಲ್ಲ, ದವಡೆಯ ಕೂಡಿಕೆಯೂ ತಿಳಿಯುವುದು. ಆಮೇಲೆ ಬಿಸಿಲಿಗೆ ಮುಖ ತಿರುಗಿಸಿ ಕಣ್ಣು. ಕೊನೆಗೆ ಹತ್ತು ಹೆಜ್ಜೆ ನಡೆಸಿ, ಮುಂಗಾಲು ಊರಿದ ಹೆಜ್ಜೆಯ ಗುರುತಿಗೆ ಹಿಂಗಾಲು ಸರಿಯಾಗಿ ಬೀಳುವುದೋ ಇಲ್ಲವೋ ಎಂಬುದು. ಇಷ್ಟೂ ಆಗಿ, ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದಳ್ಳಾಳಿಯು ಬೆಲೆ ಕುದುರಿಸುವುದಕ್ಕೆ ಮುಂಚೆ, ಎಲ್ಲಕ್ಕಿಂತ ಬಿಗಿಯಾದ ಪ್ರಶ್ನೆ ಬರುತ್ತಿತ್ತು:

‘ಇದರ ಕರ ಯಾರ ಮನೇಲವೆ ಗೌಡ್ರೇ?’

‘ನಮ್ಮೂರಿಗೇ ಬನ್ನಿ, ನಾಕು ಕೊಟ್ಟಿಗೇಲಿ ತೋರಿಸ್ತೀನಿ.’

ಹೀಗೆ ಕರೆಯಬಲ್ಲವನ ಹೋರಿಗೆ ಒಂದು ಬೆಲೆ, ಮಾತು ಮರೆಸುವವನ ಹೋರಿಗೆ ಇನ್ನೊಂದು.

ಇದರ ಜೊತೆಯಲ್ಲಿಯೇ ಸುಳಿಯ ಶಾಸ್ತ್ರವೊಂದು ಬೆಳೆದಿತ್ತೆಂಬುದನ್ನು ಮರೆಮಾಚಿ ಫಲವಿಲ್ಲ. ಹಣೆಯ ಸುಳಿ, ಬೆನ್ನ ಸುಳಿ, ಕೊರಳ ಸುಳಿ, ಬಾಲದ ಬುಡದ ಸುಳಿ ಇವುಗಳ ಸ್ಥಾನಭೇದದಿಂದ ಯಜಮಾನನಿಗೆ ಲಾಭವೋ ನಷ್ಟವೋ, ಮನೆಯಲ್ಲಿ ಸಾವೋ ಮದುವೆಯೋ ಎಂಬುದನ್ನೆಲ್ಲ ಓದುತ್ತಿದ್ದರು. ಹೊಕ್ಕುಳ ಬಾವಿನ ಹೋರಿಯನ್ನು ಹಣೆಯ ಸುಳಿ ಒಳ್ಳೆಯದೆಂಬ ಕಾರಣಕ್ಕೆ ಕೊಂಡವರೂ, ನಿರ್ದೋಷಿಯಾದ ಹೋರಿಯನ್ನು ಬೆನ್ನ ಸುಳಿಗೆ ಹೆದರಿ ಬಿಟ್ಟವರೂ ಕಡಮೆಯೇನಲ್ಲ. ಕೂದಲಿನ ಸುತ್ತಿಗೂ ಮನೆತನದ ಸಾವಿಗೂ ಸಂಬಂಧ ಕಲ್ಪಿಸಿದ ಈ ವಿದ್ಯೆಯಿಂದ ದನಗಳ ಸಂತತಿಗೆ ಆದ ಉಪಕಾರ ಸೊನ್ನೆ. ಆದ ಅಪಕಾರಕ್ಕೆ ಲೆಕ್ಕವಿಟ್ಟವರಿಲ್ಲ.

ಇಷ್ಟೆಲ್ಲ ಹೇಳಿದ್ದು ಆಲೂರಿನ ಮೂಡಣ ಪಾರ್ಶ್ವಕ್ಕೆ ಸಲ್ಲುವ ಮಾತು. ಹೇಮಾವತಿಯಿಂದಾಚೆ, ಹಿಂದೆ ಮಂಜರಾಬಾದ್ ಎಂದು ಕರೆಯಿಸಿಕೊಳ್ಳುತ್ತಿದ್ದ ತಾಲ್ಲೂಕಿನಲ್ಲಿ, ಹೆತ್ತೂರು, ಯಸಳೂರು, ಹಾನುಬಾಳುಗಳ ಕಡೆಗೆ ಹೋದರೆ ಈ ಪ್ರಶ್ನೆಯ ಬುಡವೇ ಅಲುಗುತ್ತದೆ. ವರ್ಷಕ್ಕೆ ನೂರು ಅಂಗುಲಕ್ಕೂ ಮಿಕ್ಕು ಮಳೆ ಹೊಯ್ಯುವ ಈ ಗುಡ್ಡಗಳಲ್ಲಿ ಗಿಡ್ಡದ ಮಂದೆಯು ಬೆಳಗ್ಗೆ ಕೊಟ್ಟಿಗೆಯಿಂದ ಹೊರಟು ಕಾಡಂಚನ್ನೂ ಹುಲ್ಲುಗುಡ್ಡವನ್ನೂ ಸುತ್ತಿ ಸಂಜೆಗೆ ತಾನಾಗಿ ಮರಳುವುದು. ಮಂದೆಯ ನಡುವೆ ಬೀಜ ಒಡೆಸದ ಹೋರಿಗರುಗಳು ಎಷ್ಟೋ. ಯಾವ ಹಸು ಎಲ್ಲಿ ಯಾವುದರಿಂದ ಗಬ್ಬವಾಯಿತೆಂಬುದು ಮಲೆಗೆ ಮಾತ್ರ ಗೊತ್ತು. ತಂದೆಯೇ ಅಜ್ಞಾತನಾದಲ್ಲಿ ತಂದೆಯ ಕೀರ್ತಿಯೆಲ್ಲಿ, ಅಪಕೀರ್ತಿಯೆಲ್ಲಿ? ಇಲ್ಲಿ ಹೋರಿಯನ್ನು ಆರಿಸುತ್ತಿದ್ದುದು ಮಳೆ, ಜಿಗಣೆ, ಹುಲಿ, ಕಿರುಬ. ನಿಲ್ಲಲಾರದ ಕರು ಮೊದಲ ಮುಂಗಾರಿನಲ್ಲಿಯೇ ಹೋಗುತ್ತಿತ್ತು, ನಿಂತದ್ದು ಸಂತತಿಯನ್ನು ಬೆಳೆಸುತ್ತಿತ್ತು. ಗಿಡ್ಡವು ಸಣ್ಣದೆಂದು, ಹಾಲು ಕುಡಿಕೆಗೆ ಸಾಲದೆಂದು ಹಳಿದವರು ಬಹಳ ಮಂದಿ. ರಾಷ್ಟ್ರದ ಅಧಿಕೃತ ತಳಿಗಳ ಪಟ್ಟಿಯಲ್ಲಿ ಅದಕ್ಕೆ ಸ್ಥಾನ ದೊರೆತದ್ದು 21ನೆಯ ಶತಮಾನದಲ್ಲಿಯೇ. ಆದರೂ ಸುಖವಾಗಿ ಈಯುವ, ಗಟ್ಟಿ ಗೊರಸಿನ, ಅಲ್ಪಾಹಾರದ ಈ ದನದಲ್ಲಿ ಪ್ರಕೃತಿಯು ಮಾಡಿದ ಆಯ್ಕೆಯನ್ನು ನೋಡಿದರೆ, ಜಾತ್ರೆಯ ಪರೀಕ್ಷಕನು ತಲೆಬಾಗಬೇಕು. 19ನೆಯ ಶತಮಾನದ ನಡುವಿನಿಂದ ಕಾಫಿಯ ತೋಟಗಳು ಹಬ್ಬಿದ ಮೇಲೆ ಈ ದನಕ್ಕೆ ಹೊಸದೊಂದು ಯೋಗ್ಯತೆ ಬಂದಿತು. ಮಂಜರಾಬಾದಿನ ತೋಟಗಾರನಾದ ರಾಬರ್ಟ್ ಎಲಿಯಟ್ 1894ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಕಾಫಿ ಗಿಡಕ್ಕೆ ಕೊಟ್ಟಿಗೆ ಗೊಬ್ಬರದ ವಿಚಾರವನ್ನೂ ಚರ್ಚಿಸಿದ್ದಾನೆ. ಸಗಣಿಗಾಗಿ ಸಾಕುವ ದನಕ್ಕೆ ತಂದೆ ಯಾರಾದರೇನು? ತಲೆಯೆಣಿಕೆ ಸಾಕು. ಸಂತತಿಯ ವಿಷಯದಲ್ಲಿ ಮಲೆನಾಡಿನ ಔದಾಸೀನ್ಯಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ.

ಬರೆದಿಟ್ಟ ಲೆಕ್ಕದಿಂದ, ಅಧಿಕಾರದ ಬಲದಿಂದ ಹೋರಿಯನ್ನು ಆರಿಸಿದ ನಿದರ್ಶನ ನಮ್ಮ ನಾಡಿನಲ್ಲಿ ಬೇಕಾದರೆ ಅಮೃತ ಮಹಲಿನ ಕಡೆಗೆ ನೋಡಬೇಕು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆನಿಸಿ, ಟಿಪ್ಪುವಿನಿಂದ ಅಮೃತ ಮಹಲೆಂಬ ಹೆಸರು ಪಡೆದ ಈ ಸರ್ಕಾರಿ ಹಿಂಡಿಗೆ ಬೇಸಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಾವಲುಗಳು ಹಾಸನದ ಸೀಮೆಯನ್ನೂ ಒಳಗೊಂಡು ಹಬ್ಬಿದ್ದುವು. ಆರಿಸಿದ ಹೋರಿಗಳ ಹೊರತು ಉಳಿದ ಗಂಡುಕರುಗಳಿಗೆಲ್ಲ ಬೀಜ ಒಡೆಸಿ ತೋಪಿನ ಗಾಡಿಗಳಿಗೆ ಹೂಡುತ್ತಿದ್ದರು. ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಹೈದರನ ಸೈನ್ಯವನ್ನು ಚಿದಂಬರಕ್ಕೆ ಮುಟ್ಟಿಸಿದುವೆಂಬ ಖ್ಯಾತಿ ಈ ಎತ್ತುಗಳದು. ಅಂಥ ಹಿಂಡನ್ನು ಬ್ರಿಟಿಷರು, ಖರ್ಚು ಉಳಿಸುವ ಮಹದುದ್ದೇಶದಿಂದ, 1860ರಲ್ಲಿ ಮಾರಿಬಿಟ್ಟರು; ಸೈನ್ಯಕ್ಕೆ ಎತ್ತು ಸಿಕ್ಕದೆ ಬೆಲೆಯೇರಿದಾಗ, 1866ರಲ್ಲಿ ಮತ್ತೆ ಕೂಡಿಸಲು ಹೊರಟರು; 1882ರಲ್ಲಿ ಅದು ಮೈಸೂರು ಸರ್ಕಾರದ ಕೈಗೆ ಬಂದಿತು. ಹಿಂಡನ್ನು ಮಾರಿದ ಆ ಬುದ್ಧಿವಂತರು ಮಾರಿದ್ದು ದನವನ್ನಷ್ಟೇ ಅಲ್ಲ. ಯಾವ ಹೋರಿಯ ಕರು ದಾರಿಯಲ್ಲಿ ಕುಸಿಯಿತು, ಯಾವುದರದು ಕುಸಿಯಲಿಲ್ಲ ಎಂಬ, ಕಾವಲಿನ ದನಗಾಹಿಗಳ ತಲೆಯೊಳಗಿನ ಜ್ಞಾನವನ್ನೂ ಹರಾಜಿಗಿಟ್ಟರು.

ಊರಿನ ನಿರ್ಣಯದಲ್ಲಿ ಎಡವಿದ್ದೆಲ್ಲಿ ಎಂಬುದನ್ನು ಈಗ ನೋಡಬಹುದು. ಹೋರಿಯಿಂದ ಹಸುವಿಗೂ ಕರುವಿಗೂ ಬರುವ ಕೇಡು ಒಂದೇ ಬಗೆಯದಲ್ಲ. ಹೋರಿ ಕೊಡಿಸಿದ ಹಸುಗಳು ಮೇಲಿಂದ ಮೇಲೆ ಕಂದು ಹಾಕಿದರೆ ‘ಬೀಜ ಕೆಟ್ಟದ್ದು’ ಎನ್ನುತ್ತಿದ್ದರು. ನಿಜವಾಗಿ ಅದು ಬೀಜದ ದೋಷವಲ್ಲದೆ, ಒಂದು ಹಸುವಿನಿಂದ ಇನ್ನೊಂದಕ್ಕೆ ಹೋರಿಯು ಹೊತ್ತು ತಂದ ಸಾಂಕ್ರಾಮಿಕವಾಗಿರಬಹುದು. ಟ್ರೈಕೊಮೊನಾಸಿಸ್‌ನಂಥ ರೋಗಗಳಲ್ಲಿ ಹೋರಿಯು ನೋಡಲಿಕ್ಕೆ ಆರೋಗ್ಯದ ಮೂರ್ತಿಯಾಗಿಯೇ ಇದ್ದು, ಮುಟ್ಟಿದ ಹಸುಗಳಲ್ಲಿ ಗರ್ಭ ನಿಲ್ಲದಂತೆ ಮಾಡುತ್ತದೆ. ಬ್ರೂಸೆಲ್ಲಾ ಎಂಬ ಕಂದು ಹಾಕಿಸುವ ರೋಗವಾದರೋ ಹೆಚ್ಚಾಗಿ ಹರಡುವುದು ಕಂದು ಹಾಕಿದ ಹಸುವಿನ ಮಾಸು ಬಿದ್ದ ಹುಲ್ಲಿನಿಂದ. ಆ ಮಾಸನ್ನು ಬರಿಗೈಯಲ್ಲಿ ಎತ್ತಿ ಹಾಕಿದ ಮನೆಯಾತನಿಗೂ ಜ್ವರ ಹಿಡಿಯುತ್ತದೆ. ಅಪಕೀರ್ತಿ ಮಾತ್ರ ಹೋರಿಯ ಪಾಲಿಗೆ. ಆದರೆ ಅಂಥ ಹೋರಿಯನ್ನು ಊರಿನಿಂದ ಹೊರಗಟ್ಟಿದ್ದರಲ್ಲಿ ಕಾರಣ ತಪ್ಪಿದರೂ ಕಾರ್ಯ ತಪ್ಪಲಿಲ್ಲವೆಂಬುದನ್ನೂ ಹೇಳಬೇಕು.

ಇದಕ್ಕಿಂತ ಸೂಕ್ಷ್ಮವಾದುದು ಅಡಗಿ ಬರುವ ಊನ. ತಂದೆಯಲ್ಲಿಯೂ ತಾಯಿಯಲ್ಲಿಯೂ ಒಂದೊಂದು ಪಾಲು ಗುಪ್ತವಾಗಿದ್ದು, ಎರಡೂ ಕರುವಿನಲ್ಲಿ ಕೂಡಿದಾಗಲೇ ಪ್ರಕಟವಾಗುವ ದೋಷವನ್ನು ಯಾವ ಜಾತ್ರೆಯ ಕಣ್ಣೂ ಕಾಣಲಾರದು. ಒಂದೇ ಹೋರಿಯು ಮೂರು ನಾಲ್ಕು ವರ್ಷ ಒಂದೇ ಊರಿನಲ್ಲಿ ನಿಂತು, ಅದರ ಹೆಣ್ಣುಕರುಗಳೇ ಬೆದೆಗೆ ಬಂದು ಅದಕ್ಕೇ ಕೂಡಿದಾಗ ಈ ಗುಟ್ಟು ರಟ್ಟಾಗುತ್ತಿತ್ತು. ನಿನ್ನೆಯವರೆಗೆ ಒಳ್ಳೆಯ ಹೆಸರಿದ್ದ ಹೋರಿ ಇದ್ದಕ್ಕಿದ್ದಂತೆ ಕುಲಗೇಡಿಯಾದದ್ದು ಹೇಗೆಂದು ಊರು ಬೆರಗಾಗಿ, ಕೊನೆಗೆ ದೃಷ್ಟಿಯ ಮೇಲೆಯೋ ಮಾಟದ ಮೇಲೆಯೋ ಹಾಕುತ್ತಿತ್ತು. ಗಣಿತ ಬಲ್ಲವರು ಇದಕ್ಕೆ ಲೆಕ್ಕ ಹಾಕಿದ್ದಾರೆ. ಗುಪ್ತದೋಷವುಳ್ಳವೆಂದು ಖಚಿತವಾಗಿ ಗೊತ್ತಿರುವ 16 ಹಸುಗಳಿಗೆ ಒಂದು ಹೋರಿಯನ್ನು ಕೊಡಿಸಿ 16 ಕರುಗಳೂ ನಿರ್ದೋಷಿಯಾಗಿ ಹುಟ್ಟಿದರೆ, ಆ ಹೋರಿಯಲ್ಲಿ ದೋಷವಿದ್ದೂ ಹಾಗಾಗುವ ಸಂಭವ ನೂರಕ್ಕೆ ಒಂದು. ಅದರ ಸ್ವಂತ ಹೆಣ್ಣುಮಕ್ಕಳ ಮೇಲೆಯೇ ಪರೀಕ್ಷಿಸುವುದಾದರೆ ಅಷ್ಟೇ ಭರವಸೆಗೆ ಸುಮಾರು 35 ಕರುಗಳು ಬೇಕು. ನಾಲ್ಕು ಕೊಟ್ಟಿಗೆ ತೋರಿಸುತ್ತೇನೆಂದ ಗೌಡರ ಮಾತು ಪ್ರಾಮಾಣಿಕವೇ; ನಾಲ್ಕು ಕೊಟ್ಟಿಗೆಯ ಸಾಕ್ಷ್ಯ ಸಾಲದು, ಅಷ್ಟೆ.

ಇದು ನಮ್ಮವರ ಅಜ್ಞಾನವೆಂದು ಯಾರೂ ನಗಬೇಕಾಗಿಲ್ಲ. ದನವನ್ನು ಮಾಂಸಕ್ಕಾಗಿಯೇ ಬೆಳೆಸುವ, ಪ್ರತಿಯೊಂದು ಹೋರಿಗೂ ವಂಶಾವಳಿಯ ಪುಸ್ತಕವಿಟ್ಟ ಅಮೆರಿಕ ದೇಶದಲ್ಲಿಯೇ 1940ರ ಹಾಗೂ 50ರ ದಶಕಗಳಲ್ಲಿ ಹಿಯರ್‌ಫರ್ಡ್ ತಳಿಯ ಹಿಂಡುಗಳಲ್ಲಿ ಕುಬ್ಜ ಕರುಗಳು ಹುಟ್ಟತೊಡಗಿದುವು. ಉಬ್ಬಿದ ಹಣೆ, ಗೊರಗೊರ ಉಸಿರು, ಉಬ್ಬರಿಸಿದ ಹೊಟ್ಟೆಯ ಆ ಕರುಗಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಪ್ರದರ್ಶನಗಳ ತೀರ್ಪುಗಾರರು ಗಿಡ್ಡಗಾಲಿನ, ಗುಂಡುಮೈಯ ಹೋರಿಗಳಿಗೆ ಬಹುಮಾನ ಕೊಟ್ಟು ಕೊಟ್ಟು, ಗುಪ್ತದೋಷವುಳ್ಳ ಹೋರಿಗಳನ್ನೇ ಆರಿಸಿ ಹರಡಿದರೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಕುಬ್ಜ ಕರು ಹುಟ್ಟಿದ್ದನ್ನು ಸದ್ದಿಲ್ಲದೆ ಮುಚ್ಚಿಹಾಕಿದ ಸಾಕಣೆಗಾರರೂ ಇದ್ದರು, ಏಕೆಂದರೆ ಪ್ರಸಿದ್ಧ ಹೋರಿಯೊಂದರ ಹೆಸರು ಕೆಟ್ಟರೆ ಅದರ ಸಂತತಿಯ ಬೆಲೆಯೆಲ್ಲ ಒಮ್ಮೆಗೇ ಬೀಳುತ್ತಿತ್ತು. ರಾಮನಾಥಪುರದಲ್ಲಿ ಸುಳಿ ನೋಡಿದವನಿಗೂ ಅಮೆರಿಕದಲ್ಲಿ ಪದಕ ಕೊಟ್ಟವನಿಗೂ ನಡುವಣ ಅಂತರ ನಾವು ತಿಳಿದಷ್ಟು ದೊಡ್ಡದಲ್ಲ.

ನಮ್ಮಲ್ಲಿ ಹಳೆಯ ಪದ್ಧತಿಯ ಅಂತ್ಯವು ಆರಂಭವಾದದ್ದು 1939ರಲ್ಲಿ, ಮೈಸೂರಿನ ಅರಮನೆಯ ಡೈರಿಯಲ್ಲಿ. ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯದಿಂದ ಹಳ್ಳಿಕಾರ್ ಹಸುಗಳಲ್ಲಿ ಕೃತಕವಾಗಿ ಗರ್ಭಧಾರಣೆ ಮಾಡಿಸಿದ್ದು ಭಾರತದಲ್ಲಿಯೇ ಮೊದಲನೆಯದು. ಅತ್ತ 1928ರ ರಾಯಲ್ ಕೃಷಿ ಆಯೋಗದ ಅಧ್ಯಕ್ಷನಾಗಿದ್ದ ಲಿನ್‌ಲಿತ್ಗೋ 1936ರಲ್ಲಿ ವೈಸರಾಯಿಯಾಗಿ ಬಂದು, ಊರುಗಳಿಗೆ ಉತ್ತಮ ಹೋರಿಗಳನ್ನು ದಾನಮಾಡಿರೆಂದು ಶ್ರೀಮಂತರನ್ನು ಬೇಡುತ್ತಿದ್ದನು. ಇತ್ತ ಹೋರಿಯೇ ಊರಿಗೆ ಬರಬೇಕಾಗಿಲ್ಲದ ಕಾಲ ಮೈಸೂರಿನಲ್ಲಿ ಹುಟ್ಟುತ್ತಿತ್ತು. 1961ರ ಜಾನುವಾರು ಸುಧಾರಣಾ ಕಾಯಿದೆಯು ಪರವಾನಗಿಯಿಲ್ಲದ ಹೋರಿಯ ಬೀಜ ಒಡೆಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಹೆಸರಘಟ್ಟದಲ್ಲಿ ವೀರ್ಯವನ್ನು ಶೈತ್ಯದಲ್ಲಿಟ್ಟು ಕಾಪಾಡುವ ಕೇಂದ್ರವು ನೆಲೆಗೊಂಡ ಬಳಿಕ, ದ್ರವಸಾರಜನಕದ ಡಬ್ಬಿಯೊಳಗಿನ ಕಡ್ಡಿಯಂಥ ತೆಳುವಾದ ನಳಿಕೆಯಲ್ಲಿ ಹೋರಿಯು ಸಕಲೇಶಪುರದ ಕೊನೆಯ ಹಳ್ಳಿಗೂ ಮೋಟಾರು ಸೈಕಲ್ಲಿನ ಮೇಲೆ ಬರತೊಡಗಿತು. ಜನ ಇದನ್ನು ‘ಇಂಜೆಕ್ಷನ್ ಕೊಡಿಸುವುದು’ ಎನ್ನುತ್ತಾರೆ.

ಇದರಿಂದ ಆದ ಲಾಭ ಅಪಾರ. ಹಾಲಿನ ಡೈರಿಯ ಮುಂದಿನ ಸಾಲೇ ಸಾಕ್ಷಿ. ಹೋರಿಯಿಂದ ಹಸುವಿಗೆ ಹರಡುವ ಸಾಂಕ್ರಾಮಿಕಕ್ಕೂ ದೊಡ್ಡ ತಡೆಯಾಯಿತು, ಏಕೆಂದರೆ ವೀರ್ಯ ಕೇಂದ್ರದ ಹೋರಿಗಳನ್ನು ಕ್ಷಯ, ಬ್ರೂಸೆಲ್ಲಾ, ಟ್ರೈಕೊಮೊನಾಸಿಸ್ ಮುಂತಾದುವುಗಳಿಗೆ ಪರೀಕ್ಷಿಸಬೇಕೆಂಬುದು ಕೇಂದ್ರ ಸರ್ಕಾರದ ನಿಯಮ. ಆದರೆ ಮಲೆನಾಡಿನಲ್ಲಿ ಹೊಸದೊಂದು ಸಂಕಟ ತಲೆದೋರಿತು. ನೂರು ಕಿಲೋ ತೂಗುವ ಗಿಡ್ಡದ ಹಸುವಿಗೆ ಫ್ರೀಸಿಯನ್ ಹೋರಿಯ ಕಡ್ಡಿ ಹಾಕಿಸಿದರೆ, ಕರು ತಾಯಿಯ ಅಳತೆಯನ್ನು ಮೀರಿ ಬೆಳೆದು ಈಯುವ ಹೊತ್ತಿಗೆ ಎರಡು ಜೀವಕ್ಕೂ ಕುತ್ತು. ಗುಡ್ಡಗಾಡಿಗೆ ಜೆರ್ಸಿಯಂಥ ಚಿಕ್ಕ ತಳಿಯೇ ಮೇಲೆಂದು ತಿಳಿದವರು ಹೇಳಿದ್ದು ಇದಕ್ಕಾಗಿಯೇ. ಇಲ್ಲಿ ಹೋರಿಯ ಬೀಜ ಕೆಟ್ಟದ್ದಲ್ಲ, ಜೋಡಿ ಕೆಟ್ಟದ್ದು.

ಇನ್ನೊಂದು ಸಂಕಟ ಹೆಚ್ಚು ಗೂಢವಾದದ್ದು. 1952ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಓಸ್‌ಬೋರ್ನ್‌ಡೇಲ್ ಐವನ್‌ಹೋ ಎಂಬ ಹೋಲ್‌ಸ್ಟೀನ್ ಹೋರಿಯ ಸಂತತಿ, ಹಾಲಿನ ಸಮೃದ್ಧಿಯ ಕೀರ್ತಿಯೊಡನೆ ಜಗತ್ತಿನ ನಾನಾ ದೇಶಗಳನ್ನು ವ್ಯಾಪಿಸಿತು. ಅದರೊಡನೆ, ಬಿಳಿ ರಕ್ತಕಣಗಳು ಸೋಂಕನ್ನು ಎದುರಿಸಲಾಗದೆ ಎಳೆಗರುಗಳು ಸಾಯುವ ಬ್ಲಾಡ್ ಎಂಬ ಗುಪ್ತದೋಷವೂ ಹೋಯಿತು. ಅದರ ಮೂಲವು ವಂಶವಾಹಿಯ ಒಂದೇ ಒಂದು ಅಕ್ಷರದ ವ್ಯತ್ಯಾಸವೆಂದು ಪತ್ತೆಯಾಗಲು 1990ರ ದಶಕ ಬರಬೇಕಾಯಿತು. ನಮ್ಮ ದೇಶದ ಮಿಶ್ರತಳಿ ಹೋರಿಗಳಲ್ಲಿಯೂ ಈ ದೋಷದ ವಾಹಕಗಳು ಸಿಕ್ಕಿವೆ. ಈಗ ವೀರ್ಯ ಕೇಂದ್ರಗಳಲ್ಲಿ ಫ್ರೀಸಿಯನ್ ಹಾಗೂ ಅದರ ಮಿಶ್ರತಳಿಯ ಹೋರಿಗಳನ್ನು ಇದಕ್ಕೂ ಪರೀಕ್ಷಿಸುತ್ತಾರೆ. ಊರಿನ ಹೋರಿ ಕೆಟ್ಟಿದ್ದರೆ ಒಂದು ಊರಿನ ಕರುಗಳು ಕೆಡುತ್ತಿದ್ದುವು. ಕಡ್ಡಿಯ ಹೋರಿ ಕೆಟ್ಟರೆ ಸಾವಿರಾರು ಊರು.

ಪರೀಕ್ಷೆಯೆಂಬುದು ತಿಳಿದ ದೋಷಗಳಿಗೆ ಮಾತ್ರ ಉಂಟು. ತಿಳಿಯದ ದೋಷ ಹೊರಬೀಳುವುದು ಹಿಂದಿನಂತೆ ಇಂದಿಗೂ ಕೊಟ್ಟಿಗೆಯಲ್ಲಿಯೇ, ಹುಟ್ಟಿದ ಕರುವಿನ ಮೈಮೇಲೆಯೇ. ಹಿಂದೆ ಅದನ್ನು ಕಂಡವರು ಜಾತ್ರೆಯಲ್ಲಿ ಹೇಳುತ್ತಿದ್ದರು, ಹತ್ತು ಊರಿಗೆ ಸುದ್ದಿ ಮುಟ್ಟುತ್ತಿತ್ತು. ಇಂದು ಹೋರಿಯ ಮುಖವನ್ನೇ ಕಾಣದವನು ಯಾರ ಮೇಲೆ ದೂರು ಹೇಳಿಯಾನು? ಆದಕಾರಣ ಈ ಸೀಮೆಯ ಹೈನುಗಾರರಲ್ಲಿ ನನ್ನದೊಂದು ವಿನಂತಿ: ಪ್ರತಿಯೊಂದು ವೀರ್ಯನಳಿಕೆಯ ಮೇಲೂ ಹೋರಿಯ ಸಂಖ್ಯೆಯನ್ನೂ ಕೇಂದ್ರದ ಗುರುತನ್ನೂ ಅಚ್ಚು ಹಾಕಿರುತ್ತಾರೆ, ಕಡ್ಡಿ ಹಾಕಿದವರಿಂದ ಅದನ್ನು ಕೇಳಿ, ಹಸುವಿನ ಕಿವಿಯೋಲೆಯ ಸಂಖ್ಯೆಯೊಡನೆ ಬರೆದಿಡಿ, ಕರು ಊನವಾಗಿ ಹುಟ್ಟಿದರೆ ಹೂಳುವುದಕ್ಕೆ ಮುಂಚೆ ಆ ಎರಡು ಸಂಖ್ಯೆಗಳೊಡನೆ ಸಮೀಪದ ಪಶುಆಸ್ಪತ್ರೆಗೆ ತಿಳಿಸಿ.